ಅಗಲಿದವರ ಬಟ್ಟೆ: ಕೊಡಬೇಕೆ, ಇಟ್ಟುಕೊಳ್ಳಬೇಕೆ?

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡ ಮೇಲೆ ತಿಥಿ ಕಾರ್ಯ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ಅವರ ಬಟ್ಟೆಗಳನ್ನು ಏನು ಮಾಡುವುದು? ಒಬ್ಬರು ದಾನ ಮಾಡಿ ಎನ್ನುತ್ತಾರೆ. ಇನ್ನೊಬ್ಬರು ಸತ್ತವರ ಬಟ್ಟೆ ಮನೆಯಲ್ಲಿ ಇರಲೇಬಾರದು ಎನ್ನುತ್ತಾರೆ. ಮೂರನೆಯವರು ಮಾತಿಲ್ಲದೆ ಬೀರುವಿಗೆ ಬೀಗ ಹಾಕಿಬಿಡುತ್ತಾರೆ. ಇದು ವೈದ್ಯರನ್ನು ಕೇಳುವ ಪ್ರಶ್ನೆಯೇ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು, ಒಬ್ಬ ರೋಗಿ ನನ್ನ ಕಣ್ಣು ತೆರೆಸುವವರೆಗೆ.

ಆರ್.ಟಿ. ನಗರದ ನನ್ನ ಕ್ಲಿನಿಕ್‌ಗೆ ಬರುತ್ತಿದ್ದ ಐವತ್ತೆಂಟರ ಗೃಹಿಣಿ ಆಕೆ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಅವರ ಪತಿ 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಆ ದಿನಗಳನ್ನು ಉತ್ತರ ಬೆಂಗಳೂರಿನವರು ಮರೆತಿರಲಾರರು. ಹೆಬ್ಬಾಳದ, ಯಲಹಂಕ ಬಳಿಯ ಮೇಡಿ ಅಗ್ರಹಾರದ ಚಿತಾಗಾರಗಳ ಮುಂದೆ ಆಂಬ್ಯುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದವು. ಈಕೆಗೆ ಗಂಡನ ಮುಖ ಕೊನೆಯ ಸಲ ಸರಿಯಾಗಿ ನೋಡಲೂ ಸಿಗಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದದ್ದು ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಒಂದು ಅಂಗಿ, ಒಂದು ಲುಂಗಿ, ಒಂದು ಕನ್ನಡಕ.

ಒಂದೂವರೆ ವರ್ಷದ ನಂತರ ಅವರು ನನ್ನಲ್ಲಿಗೆ ಬಂದಾಗ ಹೇಳಿದ್ದು ಎದೆ ಡವಗುಟ್ಟುತ್ತದೆ, ರಾತ್ರಿ ನಿದ್ದೆ ಇಲ್ಲ ಎಂದು. ರಕ್ತದೊತ್ತಡ 170/100 ಇತ್ತು. ಇಸಿಜಿ, ಎಕೋ, ಥೈರಾಯ್ಡ್, ಸಕ್ಕರೆ ಎಲ್ಲ ನೋಡಿದ್ದಾಯಿತು, ದೋಷವಿರಲಿಲ್ಲ. ಕೊನೆಗೆ ಜೊತೆಗೆ ಬಂದಿದ್ದ ಸೊಸೆ ಹೇಳಿದಳು: "ಮಾವನವರ ಬೀರುವಿನ ಕೀಲಿ ಅತ್ತೆ ಸೆರಗಿಗೆ ಕಟ್ಟಿಕೊಂಡಿದ್ದಾರೆ ಡಾಕ್ಟ್ರೇ. ಆ ಪ್ಲಾಸ್ಟಿಕ್ ಚೀಲವನ್ನು ಇನ್ನೂ ಬಿಚ್ಚಿಲ್ಲ. ಮಾತ್ರೆ ತೊಗೊಳ್ಳೋದೂ ನೆನಪಿರಲ್ಲ."

ನಾನು ಆಗ ಒಂದು ತಪ್ಪು ಮಾಡಿದೆ. "ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡಿ ಅಮ್ಮ, ಮನಸ್ಸು ಹಗುರವಾಗುತ್ತೆ" ಎಂದೆ. ಆಕೆ ಮಾತಾಡದೆ ಎದ್ದು ಹೋದವರು ಮೂರು ತಿಂಗಳು ಬರಲಿಲ್ಲ. ಮತ್ತೆ ಬಂದಾಗ ಹೇಳಿದರು: "ಒಂದ್ಸಲ ಅವರನ್ನ ಸರಿಯಾಗಿ ಕಳಿಸಿಕೊಡೋಕೇ ಆಗಲಿಲ್ಲ. ಈಗ ಬಟ್ಟೇನೂ ಕಳಿಸಿಬಿಟ್ರೆ ನನಗೇನು ಉಳೀತು ಡಾಕ್ಟ್ರೇ?"

ಶೋಕ ದೇಹವನ್ನೂ ಬಾಧಿಸುತ್ತದೆ

ದುಃಖ ಮನಸ್ಸಿನದು, ಕಾಯಿಲೆ ದೇಹದ್ದು ಎಂದು ನಾವು ಬೇರೆ ಬೇರೆ ಮಾಡಿ ನೋಡುತ್ತೇವೆ. ಅದು ಸರಿಯಲ್ಲ. ಇಂಗ್ಲೆಂಡಿನ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಡತಿಯನ್ನು ಕಳೆದುಕೊಂಡ 55 ವರ್ಷ ದಾಟಿದ 4,486 ಗಂಡಸರ ಲೆಕ್ಕವಿದೆ. ಮೊದಲ ಆರು ತಿಂಗಳಲ್ಲಿ ಅವರಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ವಿವಾಹಿತರಿಗಿಂತ ಶೇ. 40ರಷ್ಟು ಹೆಚ್ಚಾಗಿತ್ತು. ಹೆಚ್ಚಿನ ಸಾವುಗಳು ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಆದವು. ತೀವ್ರ ಆಘಾತದಿಂದ ಹೃದಯದ ಸ್ನಾಯು ಒಮ್ಮೆಲೇ ದುರ್ಬಲಗೊಂಡು ಹೃದಯಾಘಾತದಂತೆಯೇ ಕಾಣುವ ಸ್ಥಿತಿಯೊಂದನ್ನು ಜಪಾನಿನ ವೈದ್ಯರು 1990ರ ಸುಮಾರಿಗೆ ಗುರುತಿಸಿದರು. ಅದರ ಹೆಸರು ಟಾಕೋಟ್ಸುಬೋ. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು. ಆದ್ದರಿಂದ ದುಃಖದಲ್ಲಿರುವವರಿಗೆ ಎದೆನೋವು ಬಂದರೆ "ಚಿಂತೆಯಿಂದ ಹಾಗಾಗುತ್ತೆ" ಎಂದು ಸುಮ್ಮನಿರಬೇಡಿ. ತಕ್ಷಣ ಇಸಿಜಿ ಮಾಡಿಸಿ.

ಇದಲ್ಲದೆ ಇನ್ನೊಂದು ಸಾಮಾನ್ಯ ಕಾರಣವಿದೆ. ಗಂಡನಿಗೆ ಮಾತ್ರೆ ಎತ್ತಿಕೊಡುತ್ತಾ ತನ್ನದನ್ನೂ ನುಂಗುತ್ತಿದ್ದ ಹೆಂಗಸು, ಅವರು ಹೋದ ಮೇಲೆ ತನ್ನ ಮಾತ್ರೆಯನ್ನೇ ಮರೆಯುತ್ತಾಳೆ. ಒಬ್ಬಳಿಗೇಕೆ ಅಡಿಗೆ ಎಂದು ಊಟ ಬಿಡುತ್ತಾಳೆ. ಸಕ್ಕರೆ, ಬಿ.ಪಿ. ಎರಡೂ ಹತೋಟಿ ತಪ್ಪುತ್ತವೆ.

ಬಟ್ಟೆಯೇ ಏಕೆ?

ಫೋಟೋ ನೋಡಿ ಸುಮ್ಮನಿರುವವರು ಹಳೆಯ ಅಂಗಿಯೊಂದನ್ನು ಕೈಗೆತ್ತಿಕೊಂಡ ಕೂಡಲೆ ಅತ್ತುಬಿಡುತ್ತಾರೆ. ಇದಕ್ಕೆ ಕಾರಣ ಮೆದುಳಿನಲ್ಲಿಯೇ ಇದೆ. ವಾಸನೆಯನ್ನು ಗ್ರಹಿಸುವ ನರಗಳಿಗೂ ಭಾವನೆ ಮತ್ತು ನೆನಪಿನ ಕೇಂದ್ರಗಳಿಗೂ ಬಹಳ ಹತ್ತಿರದ ಸಂಪರ್ಕವಿದೆ. ಬಟ್ಟೆಯಲ್ಲಿ ಮೈಯ ವಾಸನೆ, ಹಚ್ಚುತ್ತಿದ್ದ ಎಣ್ಣೆ, ನಶ್ಯ, ವಿಭೂತಿಯ ಗಂಧ ಉಳಿದಿರುತ್ತದೆ. ಮೊಣಕೈ ಸವೆದಿದ್ದು, ಕಾಲರು ಮಾಸಿದ್ದು ಆ ಮನುಷ್ಯನ ಗುರುತು.

ಸತ್ತವರ ಮೇಲಿನ ಬಂಧವನ್ನು ಕಡಿದುಕೊಂಡರೆ ಮಾತ್ರ ಬದುಕು ಮುಂದೆ ಸಾಗುತ್ತದೆ ಎಂದು ಮನೋವೈದ್ಯರು ಬಹುಕಾಲ ನಂಬಿದ್ದರು. 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಈ ನಂಬಿಕೆಯನ್ನು ಪ್ರಶ್ನಿಸಿದರು. ಬಂಧ ಕಡಿಯುವುದಿಲ್ಲ, ಅದರ ರೂಪ ಬದಲಾಗುತ್ತದೆ, ಅದು ಸಹಜ ಎಂಬುದು ಅವರ ವಾದ. ವರ್ಷಕ್ಕೊಮ್ಮೆ ಎಡೆ ಇಟ್ಟು ಹಿರಿಯರನ್ನು ನೆನೆಯುವ ನಮಗೆ ಇದು ಹೊಸ ಮಾತೇನಲ್ಲ.

ನಮ್ಮ ಕೌದಿ

ನನ್ನ ರೋಗಿಯ ಕಥೆಗೆ ಮತ್ತೆ ಬರೋಣ. ನಾನು ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸಿದೆ. ಆಪ್ತಸಲಹೆ ಆರಂಭವಾಯಿತು. ಆದರೆ ಬೀರುವಿನ ಬೀಗ ತೆಗೆಸಿದವರು ನಾವಿಬ್ಬರೂ ಅಲ್ಲ. ಅವರ ಮನೆಯ ಮೇಲೆ ಬಾಡಿಗೆಗಿದ್ದ, ಬಾಗಲಕೋಟೆ ಕಡೆಯ ಒಬ್ಬ ಹೆಣ್ಣುಮಗಳು. ಆಕೆ ಹೇಳಿದ್ದು ಇಷ್ಟೇ: "ಅಂಗಿ ಯಾಕ ಯಾರಿಗರೆ ಕೊಡತೀರಿ ಅಕ್ಕಾರ, ಕೌದಿ ಹೊಲಿಯೋಣ ಬರ್ರಿ."

ಕೌದಿ ಉತ್ತರ ಕರ್ನಾಟಕದ ಮನೆಮನೆಯ ವಸ್ತು. ನಮ್ಮ ಹಳೆ ಮೈಸೂರು ಕಡೆ ಬೊಂತೆ ಎನ್ನುವುದುಂಟು. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಿಂದ ಸಾಲಾಗಿ ಹೊಲಿಯುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿಗಳು ಕಲೆಯಾಗಿ ಹೆಸರಾಗಿವೆ. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ 'ಹೂವು' ಇಡುತ್ತಾರೆ. ಅಜ್ಜಿಯ ಮೆತ್ತನೆಯ ಸೀರೆ ಮೊಮ್ಮಗುವಿನ ಹಾಸಿಗೆಯಾಗುವುದು ನಮ್ಮಲ್ಲಿ ಹಳೆಯ ಪದ್ಧತಿ. ಹಿರಿಯರ ಬಟ್ಟೆ ಅಪಶಕುನವಾಗಿದ್ದರೆ ಇದನ್ನು ಯಾರೂ ಮಾಡುತ್ತಿರಲಿಲ್ಲ.

ದೂರದ ಅಮೆರಿಕದಲ್ಲಿ ಇದೇ ಕೆಲಸ ಒಂದು ಚಳವಳಿಯೇ ಆಯಿತು. ಏಡ್ಸ್‌ನಿಂದ ಸತ್ತವರ ಹೆಸರು ಹೇಳಲೂ ಜನ ಅಂಜುತ್ತಿದ್ದ ಕಾಲ ಅದು. ಸ್ಯಾನ್ ಫ್ರಾನ್ಸಿಸ್ಕೋದ ಕ್ಲೀವ್ ಜೋನ್ಸ್ ಎಂಬುವರಿಗೆ 1985ರಲ್ಲಿ ಹೊಳೆದ ಯೋಚನೆಯಂತೆ, ಸತ್ತ ಪ್ರತಿಯೊಬ್ಬರಿಗೂ ಅವರ ಮನೆಯವರು, ಗೆಳೆಯರು ಮೂರು ಅಡಿ ಅಗಲ, ಆರು ಅಡಿ ಉದ್ದದ ಒಂದೊಂದು ಬಟ್ಟೆಯನ್ನು ಹೊಲಿದರು. ಅನೇಕರು ಸತ್ತವರ ಅಂಗಿ, ಪ್ಯಾಂಟುಗಳನ್ನೇ ಅದಕ್ಕೆ ಬಳಸಿದರು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಮೈದಾನದಲ್ಲಿ ಅಂಥ 1,920 ಬಟ್ಟೆಗಳನ್ನು ಹಾಸಿದರು. ಇಂದು ಅವು ಸುಮಾರು 50,000 ಇವೆ. ಸರಿಯಾಗಿ ಬೀಳ್ಕೊಡಲಾಗದ ಸಾವಿಗೆ ಕೈಯ ಕೆಲಸ ಬೀಳ್ಕೊಡುಗೆಯಾಯಿತು. ಕೋವಿಡ್‌ನಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಇದು ಚೆನ್ನಾಗಿ ಅರ್ಥವಾದೀತು.

ನನ್ನ ರೋಗಿ ಮೊದಲ ವಾರ ಕತ್ತರಿ ಹಿಡಿಯಲೇ ಇಲ್ಲ. ಬಟ್ಟೆಗಳನ್ನು ಹರಡಿಕೊಂಡು ಒಂದೊಂದರ ಕಥೆ ಹೇಳಿದರು, ಅತ್ತರು. ಮೇಲಿನ ಮನೆಯಾಕೆ ಕೇಳುತ್ತಾ ಕೂತರು. ಎರಡನೆಯ ವಾರ ಪ್ಲಾಸ್ಟಿಕ್ ಚೀಲ ಬಿಚ್ಚಿದರು. ಏಳು ವಾರಕ್ಕೆ ಕೌದಿ ಮುಗಿಯಿತು. ಮದುವೆಯ ರೇಷ್ಮೆ ಪಂಚೆ ಮತ್ತು ಒಂದು ಅಂಗಿಯನ್ನು ಕತ್ತರಿಸದೆ ಹಾಗೆಯೇ ಇಟ್ಟುಕೊಂಡರು. ಉಳಿದ ಒಳ್ಳೆಯ ಬಟ್ಟೆಗಳನ್ನು ತಾವೇ ಹೋಗಿ ಅನಾಥಾಶ್ರಮಕ್ಕೆ ಕೊಟ್ಟು ಬಂದರು. ಈಗಲೂ ಅವರಿಗೆ ಅಳು ಬರುತ್ತದೆ. ಆದರೆ ಮಾತ್ರೆ ತಪ್ಪುವುದಿಲ್ಲ, ರಾತ್ರಿ ಐದಾರು ಗಂಟೆ ನಿದ್ದೆ ಮಾಡುತ್ತಾರೆ. ಬಿ.ಪಿ. ಹತೋಟಿಯಲ್ಲಿದೆ. ಇದು ಕೌದಿಯಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಮಾತ್ರೆ, ಆಪ್ತಸಲಹೆ, ನೆರೆಯಾಕೆ, ಕೌದಿ ಎಲ್ಲವೂ ಸೇರಿ ಆಯಿತು.

ನೀವೂ ಹೊಲಿಯುವುದಾದರೆ

• ಅವಸರ ಬೇಡ. ಮೊದಲ ಕೆಲವು ತಿಂಗಳು ಯಾವ ಬಟ್ಟೆಯನ್ನೂ ಕತ್ತರಿಸದಿರುವುದು ಒಳ್ಳೆಯದು. ಕತ್ತರಿಸಿದ್ದು ಮತ್ತೆ ಕೂಡಿಬಾರದು. ಒಂದೆರಡು ಬಟ್ಟೆ ಹಾಗೆಯೇ ಇರಲಿ.

• ಬಟ್ಟೆಗಳನ್ನು ಮೊದಲು ಸೋಪಿನ ನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿ. ವಾಸನೆ ಉಳಿಸಿಕೊಳ್ಳಬೇಕೆನಿಸಿದರೆ ಒಂದು ಶುಭ್ರವಾದ ಬಟ್ಟೆಯನ್ನು ಒಗೆಯದೆ ಬೇರೆ ಇಡಿ. ರಕ್ತ, ಕೀವಿನ ಕಲೆ ಇರುವ ಬಟ್ಟೆ ಬೇಡ.

• ಹತ್ತಿಯ ಹಳೆಯ ಸೀರೆ, ಪಂಚೆ ಒಳಪದರಕ್ಕೆ ಚೆನ್ನ. ಐದೂವರೆ ಮೀಟರಿನ ಒಂದು ಸೀರೆಯನ್ನು ನಡುವೆ ಕತ್ತರಿಸಿ ಅಕ್ಕಪಕ್ಕ ಜೋಡಿಸಿದರೆ ದೊಡ್ಡ ಮಂಚಕ್ಕೆ ಸಾಕಾಗುವ ಒಂದು ಪದರವಾಗುತ್ತದೆ. ದೊಡ್ಡದು ಕಷ್ಟವೆನಿಸಿದರೆ ದಿಂಬಿನ ಚೀಲ ಹೊಲಿಯಿರಿ, ಅದೂ ಸಾಕು.

• ಮಂಡಿನೋವಿನವರು ನೆಲದ ಮೇಲೆ ಕೂರಬೇಡಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಬೆಳಕು ಚೆನ್ನಾಗಿರಲಿ. ಸಕ್ಕರೆ ಕಾಯಿಲೆಯವರು ಬೆರಳಿಗೆ ಲೋಹದ ಟೋಪಿ ಹಾಕಿಕೊಳ್ಳಿ. ಸೂಜಿ ಚುಚ್ಚಿದ ಗಾಯವನ್ನು ಅಲಕ್ಷಿಸಬೇಡಿ.

• ಆಸ್ತಮಾ, ಧೂಳಿನ ಅಲರ್ಜಿ ಇರುವ ಮನೆಯಲ್ಲಿ ಕೌದಿ ತೆಳುವಾಗಿರಲಿ, ಆಗಾಗ್ಗೆ ಬಿಸಿನೀರಿನಲ್ಲಿ ಒಗೆಯಿರಿ. ಒಂದು ವರ್ಷದೊಳಗಿನ ಮಗು ಮಲಗಿದಾಗ ದಪ್ಪ ಕೌದಿ ಹೊದಿಸಬೇಡಿ. ಉಸಿರು ಕಟ್ಟುವ ಅಪಾಯವಿದೆ.

• ಮನೆಯಲ್ಲಿ ಮಕ್ಕಳಿದ್ದರೆ ಅವರೂ ತಮಗೆ ಬೇಕಾದ ತುಂಡನ್ನು ಆರಿಸಲಿ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗುವಿಗೆ ಆ ಮಾತು ಎತ್ತಲು ಇದೊಂದು ದಾರಿ.

ಕೆಲವು ಸಂದೇಹಗಳು

ಸತ್ತವರ ಬಟ್ಟೆಯಿಂದ ಕಾಯಿಲೆ ಅಂಟುತ್ತದೆಯೆ? ಒಗೆದು ಒಣಗಿಸಿದ ಬಟ್ಟೆಯಿಂದ ಭಯವಿಲ್ಲ. ಕ್ಯಾನ್ಸರ್, ಹೃದ್ರೋಗ ಅಂಟುವ ಕಾಯಿಲೆಗಳೇ ಅಲ್ಲ. ಶ್ವಾಸಕೋಶದ ಕ್ಷಯ ಹರಡುವುದು ಕೆಮ್ಮಿನಿಂದ ಗಾಳಿಯ ಮೂಲಕ, ಬಟ್ಟೆಯಿಂದ ಅಲ್ಲ. ಕೋವಿಡ್ ರೋಗಿಯ ಹಳೆಯ ಬಟ್ಟೆಯಲ್ಲಿ ಈಗ ವೈರಸ್ ಉಳಿದಿರುವುದಿಲ್ಲ. ಕಜ್ಜಿಯ ಹುಳು ಮನುಷ್ಯನ ಮೈಯಿಂದ ದೂರವಾದರೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು.

ಬಟ್ಟೆ ಇಟ್ಟುಕೊಂಡರೆ ದುಃಖ ಹೆಚ್ಚಾಗುತ್ತದೆಯೆ? ಎಲ್ಲರಿಗೂ ಒಂದೇ ನಿಯಮವಿಲ್ಲ. ಕೊಟ್ಟು ಸಮಾಧಾನಪಡುವವರು ಕೊಡಲಿ. ಇಟ್ಟುಕೊಳ್ಳಬೇಕೆನ್ನುವವರು ಇಟ್ಟುಕೊಳ್ಳಲಿ. ಆದರೆ ಆ ತೀರ್ಮಾನ ಹೆಚ್ಚು ನೊಂದವರದ್ದಾಗಿರಬೇಕು. ಅವರು ಊರಿಗೆ ಹೋದಾಗ ಬೀರು ಖಾಲಿ ಮಾಡಿಸಬೇಡಿ.

ಯಾವಾಗ ವೈದ್ಯರನ್ನು ಕಾಣಬೇಕು?

ಸತ್ತವರ ದನಿ ಕೇಳಿದಂತಾಗುವುದು, ಅವರು ಬಾಗಿಲಲ್ಲಿ ನಿಂತಂತೆ ಅನ್ನಿಸುವುದು, ಹಬ್ಬದ ದಿನ ಅಳು ಉಕ್ಕುವುದು ಸಹಜ. ಇದಕ್ಕೆ ಹುಚ್ಚು ಎಂದು ಹೆದರಬೇಕಾಗಿಲ್ಲ. ಆದರೆ ತಿಂಗಳುಗಳು ಕಳೆದರೂ ಹಂಬಲ ಒಂದಿಷ್ಟೂ ತಗ್ಗದೆ, ಮನೆಗೆಲಸ, ಉದ್ಯೋಗ, ಊಟ, ಸ್ನಾನ ಯಾವುದೂ ಸಾಗದಿದ್ದರೆ ಅದು ಚಿಕಿತ್ಸೆ ಬೇಕಾದ ದೀರ್ಘಶೋಕ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಗೆ ಬಂದ ರೋಗಪಟ್ಟಿಯಲ್ಲಿ ಇದು ಸೇರಿದೆ. ಅದರ ಪ್ರಕಾರ ಗಡುವು ಕನಿಷ್ಠ ಆರು ತಿಂಗಳು. ಅಮೆರಿಕದ ಮನೋವೈದ್ಯರು ವಯಸ್ಕರಿಗೆ ಒಂದು ವರ್ಷ ಎನ್ನುತ್ತಾರೆ. ಬೀಗ ಹಾಕಿದ ಬೀರು, ಬಿಚ್ಚದ ಚೀಲ ಇದರ ಸೂಚನೆಯೂ ಆಗಿರಬಹುದು. ಅಂಥವರಿಗೆ ಕೌದಿಯೊಂದೇ ಸಾಲದು.

ಸಾಯುವ ಮಾತಾಡಿದರೆ, "ನಾನೂ ಅವರ ಹಿಂದೆಯೇ ಹೋಗಬೇಕು" ಎಂದರೆ, ಒಂದು ದಿನವೂ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ನಿಮ್ಮ ಕುಟುಂಬ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ನಮ್ಮೂರಿನಲ್ಲಿ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮನೆಯಲ್ಲಿಯೋ ಪಕ್ಕದ ಮನೆಯಲ್ಲಿಯೋ ಇಂಥ ಒಂದು ಬೀರು ಇದ್ದರೆ, ಅದನ್ನು ಖಾಲಿ ಮಾಡಿ ಎಂದು ನನ್ನಂತೆ ಅವಸರದ ಸಲಹೆ ಕೊಡಬೇಡಿ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು, "ಈ ಅಂಗಿ ಯಾವಾಗ ಹೊಲಿಸಿದ್ದು?" ಎಂದು ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಹೊರಡುವ ಮುನ್ನ ಬಿ.ಪಿ. ಮಾತ್ರೆ ತೆಗೆದುಕೊಂಡಿರಾ ಎಂದೂ ಕೇಳಿ.