ಓಟಗಾರರ ಕೈಗಡಿಯಾರ: ಕೊಳ್ಳುವ ಮುನ್ನ ತಿಳಿಯಬೇಕಾದುದು

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ದುಃಖದ ಕಾರಣಕ್ಕೆ ಕಾಣಿಸಿಕೊಂಡಿತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ತನೆ ಮರಣಿಸಿದರು; ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಭೀತಿಗೊಂಡ ಜನರು ತಪಾಸಣೆಗಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಮುಂಜಾನೆಯಿಂದಲೇ ಸಾಲುಗಟ್ಟಿ ನಿಂತರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ಜುಲೈ ತಿಂಗಳಲ್ಲಿ ವರದಿ ಸಲ್ಲಿಸಿತು. ಜಿಲ್ಲೆಯಲ್ಲಿ ಹೃದಯಾಘಾತಗಳು ಅಸಹಜವಾಗಿ ಏರಿವೆ ಎನ್ನಲು ಆಧಾರವಿಲ್ಲವೆಂದು ಅದು ತಿಳಿಸಿತು. ಜೊತೆಗೆ ರಕ್ತದೊತ್ತಡ, ಮಧುಮೇಹ, ಸ್ಥೂಲಕಾಯ, ಧೂಮಪಾನ, ಮದ್ಯಪಾನಗಳೆಂಬ ಹಳೆಯ ಶತ್ರುಗಳನ್ನೇ ಮತ್ತೆ ಬೊಟ್ಟು ಮಾಡಿತು.

ಆ ಭೀತಿಯಿಂದ ಒಂದು ಒಳಿತೂ ಆಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ನಸುಕಿಗೇ ಎದ್ದು ನಡೆಯುವವರು, ಓಡುವವರು ಹೆಚ್ಚಿದ್ದಾರೆ. ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರಲ್ಲಿ ಕೆಲವರು ಈಗ ಚೂರ್ಣ, ಕಷಾಯಗಳ ಮಾತಿಗೆ ಮೊದಲೇ ಕೇಳುವ ಪ್ರಶ್ನೆ, "ಡಾಕ್ಟ್ರೇ, ಓಡೋದಕ್ಕೆ ಯಾವ ವಾಚು ತಗೋಬೇಕು?" ಎಂಬುದು. ಈ ಪ್ರಶ್ನೆಯೊಳಗೆ ಎರಡು ಅಪೇಕ್ಷೆಗಳು ಅಡಗಿರುತ್ತವೆ. ಎಷ್ಟು ದೂರ, ಎಷ್ಟು ವೇಗದಲ್ಲಿ ಓಡಿದೆವೆಂದು ತಿಳಿಯಬೇಕು ಎಂಬುದು ಮೊದಲನೆಯದು. ಹೃದಯಕ್ಕೆ ಅಪಾಯ ಬರುವ ಮುನ್ನ ವಾಚು ಎಚ್ಚರಿಸಬೇಕು ಎಂಬುದು ಎರಡನೆಯದು. ಮೊದಲನೆಯದನ್ನು ಜಿಪಿಎಸ್ ವಾಚು ಚೆನ್ನಾಗಿ ಈಡೇರಿಸುತ್ತದೆ. ಎರಡನೆಯದನ್ನು ಈಡೇರಿಸುವ ಶಕ್ತಿ ಅದಕ್ಕಿಲ್ಲ. ಇಷ್ಟನ್ನು ಅರಿತು ಅಂಗಡಿಯ ಮೆಟ್ಟಿಲು ಹತ್ತುವವರಿಗೆ ಆಯ್ಕೆ ಸುಲಭವಾಗುತ್ತದೆ.

ಜಿಪಿಎಸ್ ಎಂಬುದು ಅಮೆರಿಕದ ಉಪಗ್ರಹ ವ್ಯವಸ್ಥೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯವನ್ನು ಸಾರುತ್ತಲೇ ಇರುತ್ತವೆ. ಆ ಸಂಕೇತ ಕೈಗೆ ತಲುಪಲು ಹಿಡಿದ ಕಾಲದಿಂದ ವಾಚು ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ 4 ಉಪಗ್ರಹಗಳ ಸಂಕೇತ ದೊರೆತರೆ ನಾವು ನಿಂತ ಸ್ಥಳ ನಿಶ್ಚಿತವಾಗುತ್ತದೆ. ಬೆಳಕಿನ ವೇಗದಲ್ಲಿ ಬರುವ ಸಂಕೇತವಾದುದರಿಂದ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಾದರೂ ಲೆಕ್ಕವು 300 ಮೀಟರ್ ಕೆಡುತ್ತದೆ. ಆದುದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿರುತ್ತವೆ. 2000ದ ಮೇ ತಿಂಗಳವರೆಗೆ ಅಮೆರಿಕವು ಸಾರ್ವಜನಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸಿತ್ತು. ಅದು ನಿಂತ ಮೇಲೆಯೇ ಓಟಗಾರರ ವಾಚು ಉಪಯೋಗಕ್ಕೆ ಬರುವಂಥದಾಯಿತು.

ಈ ವಿಷಯದಲ್ಲಿ ಹಾಸನದವರು ಅಭಿಮಾನಪಡಬೇಕಾದ ಸಂಗತಿಯೊಂದಿದೆ. ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಕಾಣುವ ದೊಡ್ಡ ದೊಡ್ಡ ಬಟ್ಟಲುಗಳಂತಹ ಆಂಟೆನಾಗಳನ್ನು ಎಲ್ಲರೂ ನೋಡಿದ್ದೇವೆ. ಅದು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ನಾವು ಎಂ.ಸಿ.ಎಫ್. ಎಂದು ಕರೆಯುವ ಸ್ಥಳ. 1982ರಲ್ಲಿ ಇನ್ಸಾಟ್ ಉಪಗ್ರಹಗಳಿಗಾಗಿ ಸ್ಥಾಪಿತವಾದ ಈ ಕೇಂದ್ರವೇ ಭಾರತದ ಸ್ವಂತ ಪಥದರ್ಶಕ ವ್ಯವಸ್ಥೆಯಾದ ನಾವಿಕ್ ಉಪಗ್ರಹಗಳ ಯೋಗಕ್ಷೇಮವನ್ನೂ ಭೋಪಾಲದ ಕೇಂದ್ರದೊಡನೆ ನೋಡಿಕೊಳ್ಳುತ್ತದೆ. ಈ ಸರಣಿಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. 2016ರಲ್ಲಿ ವ್ಯವಸ್ಥೆಗೆ ನಾವಿಕ್ ಎಂಬ ಹೆಸರು ಬಂದಿತು. ಇದರ ಸಂಕೇತಗಳು ಮೊದಲು ಎಲ್5 ಮತ್ತು ಎಸ್ ಎಂಬ ತರಂಗಗಳಲ್ಲಿ ಮಾತ್ರ ಬರುತ್ತಿದ್ದವು, ಕೈಗಡಿಯಾರದಂತಹ ಪುಟ್ಟ ಸಾಧನಗಳಲ್ಲಿ ಅವುಗಳ ಬಳಕೆ ಕಡಿಮೆ. 2023ರ ಮೇ 29ರಂದು ಹಾರಿದ ಎನ್.ವಿ.ಎಸ್.-01 ಉಪಗ್ರಹದಲ್ಲಿ ಸಾಮಾನ್ಯ ಸಾಧನಗಳು ಗ್ರಹಿಸುವ ಎಲ್1 ತರಂಗವನ್ನೂ, ದೇಶದಲ್ಲೇ ತಯಾರಾದ ರುಬಿಡಿಯಂ ಪರಮಾಣು ಗಡಿಯಾರವನ್ನೂ ಅಳವಡಿಸಲಾಯಿತು.

ಹಾಗೆಂದು ಪೆಟ್ಟಿಗೆಯ ಮೇಲೆ ನಾವಿಕ್ ಎಂದು ಬರೆದಿರುವ ಒಂದೇ ಕಾರಣಕ್ಕೆ ವಾಚು ಕೊಳ್ಳುವುದು ಸರಿಯಲ್ಲ. ಹಳೆಯ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟಿರುವುದರಿಂದ ಅದನ್ನೊಂದನ್ನೇ ನಂಬಲಾಗದು. ಜಿಪಿಎಸ್, ರಷ್ಯಾದ ಗ್ಲೋನಾಸ್, ಯೂರೋಪಿನ ಗೆಲಿಲಿಯೋ ಇವುಗಳಲ್ಲಿ ಹಲವನ್ನು ಒಟ್ಟಿಗೆ ಗ್ರಹಿಸುವ ವಾಚು ಉತ್ತಮ. ಆ ಪಟ್ಟಿಯಲ್ಲಿ ನಾವಿಕ್ ಕೂಡ ಇದ್ದರೆ ಸಂತೋಷ.

ಇನ್ನು ನಮ್ಮ ನೆಲದ ಮಾತು. ತೆರೆದ ಆಕಾಶದ ಕೆಳಗೆ ಕೆಲವೇ ಮೀಟರುಗಳಷ್ಟು ತಪ್ಪುವ ವಾಚು, ಚನ್ನರಾಯಪಟ್ಟಣದ ಕಡೆಯ ದಟ್ಟ ತೆಂಗಿನ ತೋಟಗಳ ನಡುವೆ ಗೊಂದಲಕ್ಕೊಳಗಾಗುತ್ತದೆ. ಒದ್ದೆಯಾದ ಎಲೆಗಳು ಸಂಕೇತವನ್ನು ಹೀರುತ್ತವೆ, ಕಟ್ಟಡದ ಗೋಡೆಗಳು ಅದನ್ನು ಪ್ರತಿಫಲಿಸುತ್ತವೆ. ಇಂತಹ ಕಡೆ ಎರಡು ತರಂಗಗಳನ್ನು ಗ್ರಹಿಸುವ ವಾಚುಗಳು ಮೇಲು, ಆದರೆ ಬೆಲೆ ಹೆಚ್ಚು, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಅರಕಲಗೂಡಿನ ಕಡೆಯ ಬಯಲು ಹೊಲಗಳ ನಡುವಿನ ರಸ್ತೆಯಲ್ಲಿ ಓಡುವವರಿಗೆ ಅದರ ಅವಶ್ಯಕತೆಯೇ ಇಲ್ಲ. ಕ್ರೀಡಾಂಗಣದಲ್ಲಿ ಸುತ್ತು ಹಾಕುವವರಂತೂ ವಾಚಿನ ಮಾತನ್ನು ಪಕ್ಕಕ್ಕಿಟ್ಟು ಸುತ್ತುಗಳನ್ನೇ ಎಣಿಸಲಿ: ಒಳಗಿನ ಪಥದಲ್ಲಿ ಒಂದು ಸುತ್ತು 400 ಮೀಟರ್, ವಾಚು ಅದನ್ನು 410 ಎಂದೀತು, 390 ಎಂದೀತು. ಎತ್ತರದ ಲೆಕ್ಕದಲ್ಲಿ ಜಿಪಿಎಸ್ ಇನ್ನೂ ದುರ್ಬಲ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ ಎಷ್ಟು ಏರಿದೆವೆಂದು ತಿಳಿಯುವ ಆಸೆಯಿದ್ದವರು ವಾಯುಭಾರಮಾಪಕವಿರುವ ವಾಚನ್ನು ನೋಡಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಜನ ಮೋಸಹೋಗುವುದು ಒಂದು ಪದದಲ್ಲಿ. ಎರಡು ಮೂರು ಸಾವಿರ ರೂಪಾಯಿಯ ವಾಚಿನ ಮೇಲೆ "ಕನೆಕ್ಟೆಡ್ ಜಿಪಿಎಸ್" ಎಂದಿರುತ್ತದೆ. ಅದರಲ್ಲಿ ಜಿಪಿಎಸ್ ಇರುವುದಿಲ್ಲ; ಜೇಬಿನಲ್ಲಿರುವ ಫೋನಿನ ಜಿಪಿಎಸ್ಸನ್ನು ಅದು ಕಡ ಪಡೆಯುತ್ತದೆ. ಫೋನು ಮನೆಯಲ್ಲಿ ಬಿಟ್ಟು ಓಡಿದರೆ ಹೆಜ್ಜೆಗಳನ್ನು ಎಣಿಸಿ ದೂರವನ್ನು ಊಹಿಸುತ್ತದೆ. "ಬಿಲ್ಟ್-ಇನ್ ಜಿಪಿಎಸ್" ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೇಳಿ ಪಡೆಯಬೇಕು. ಆದರೆ ಹೇಗೂ ಫೋನು ಹಿಡಿದೇ ಓಡುವವರಿಗೆ ಆ ಅಗ್ಗದ ವಾಚೂ ಸಾಕು ಎಂಬುದು ನನ್ನ ಅಭಿಪ್ರಾಯ.

ಈಗ ನಾಡಿಯ ವಿಷಯ. ಗಡಿಯಾರಕ್ಕೂ ನಾಡಿಗೂ ಇರುವ ನಂಟು ಹೊಸದೇನಲ್ಲ. ಇಂಗ್ಲೆಂಡಿನ ವೈದ್ಯ ಸರ್ ಜಾನ್ ಫ್ಲಾಯರ್ 1707ರಲ್ಲೇ ನಾಡಿ ಎಣಿಸುವುದಕ್ಕೆಂದು ಒಂದು ನಿಮಿಷ ನಡೆಯುವ ಗಡಿಯಾರವನ್ನು ಮಾಡಿಸಿ, ಅದರ ಮೇಲೆ ಗ್ರಂಥವನ್ನೂ ಬರೆದನು. ನಮ್ಮಲ್ಲಿ ಶಾರ್ಙ್ಗಧರ ಸಂಹಿತೆಯು ನಾಡೀ ಪರೀಕ್ಷೆಯನ್ನು ವಿವರಿಸುತ್ತದೆ. ಅಲ್ಲಿ ಎಣಿಕೆಗಿಂತ ಗತಿಗೆ ಪ್ರಾಧಾನ್ಯ. ಇಂದಿನ ವಾಚು ಬೆರಳಿಟ್ಟು ನೋಡುವುದಿಲ್ಲ. ಹಸಿರು ಬೆಳಕನ್ನು ಚರ್ಮದೊಳಗೆ ಹಾಯಿಸಿ, ರಕ್ತ ಉಕ್ಕಿದಾಗಲೆಲ್ಲ ಹಿಂತಿರುಗುವ ಬೆಳಕು ಎಷ್ಟು ಕಡಿಮೆಯಾಯಿತೆಂದು ನೋಡಿ ಬಡಿತಗಳನ್ನು ಎಣಿಸುತ್ತದೆ. ಕುಳಿತಿರುವಾಗ ಈ ಎಣಿಕೆ ವಿಶ್ವಾಸಾರ್ಹ. ಓಡುವಾಗ ಕೈ ಬೀಸುವುದರಿಂದ, ಪಟ್ಟಿ ಸಡಿಲವಿರುವುದರಿಂದ, ಹಚ್ಚೆಯಿರುವುದರಿಂದ, ಮಾಗಿಯ ಚಳಿಯಲ್ಲಿ ಚರ್ಮಕ್ಕೆ ರಕ್ತ ಕಡಿಮೆ ಹರಿಯುವುದರಿಂದ ಅದು ಎಡವುತ್ತದೆ. ಕೆಲವೊಮ್ಮೆ ಹೆಜ್ಜೆಗಳನ್ನೇ ನಾಡಿಯೆಂದು ಎಣಿಸಿಬಿಡುತ್ತದೆ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ, ಅಲುಗಾಡದಂತೆ ಕಟ್ಟಬೇಕು. ನಿಖರತೆ ಬೇಕೇಬೇಕೆನ್ನುವವರು ಹೃದಯದ ವಿದ್ಯುತ್ ಸಂಕೇತವನ್ನೇ ಗ್ರಹಿಸುವ ಎದೆಪಟ್ಟಿಯನ್ನು ಪ್ರತ್ಯೇಕವಾಗಿ ಕೊಳ್ಳಬಹುದು.

ಬಹುತೇಕ ವಾಚುಗಳು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ನಾಡಿಯನ್ನು ನಿರ್ಧರಿಸಿ, ಅದರ ಆಧಾರದ ಮೇಲೆ ಬಣ್ಣಬಣ್ಣದ ವಲಯಗಳನ್ನು ತೋರಿಸುತ್ತವೆ. 60 ವರ್ಷದವರಿಗೆ 160. ಇದು ಸರಾಸರಿ ಮಾತ್ರ. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. ಹೊಳೆನರಸೀಪುರದಿಂದ ಬರುವ ನಿವೃತ್ತ ಉಪನ್ಯಾಸಕರೊಬ್ಬರು ರಕ್ತದೊತ್ತಡಕ್ಕಾಗಿ ಮೆಟೊಪ್ರೊಲಾಲ್ ಸೇವಿಸುತ್ತಾರೆ. ಎಷ್ಟು ಓಡಿದರೂ ವಾಚು "ಸುಲಭ ವಲಯ" ಎಂದೇ ತೋರಿಸುತ್ತಿತ್ತು, ಅವರು ಇನ್ನಷ್ಟು ವೇಗ ಹೆಚ್ಚಿಸುತ್ತಿದ್ದರು. ಆ ವರ್ಗದ ಔಷಧಗಳು ನಾಡಿಯನ್ನು ಏರಗೊಡುವುದಿಲ್ಲ. ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದುವನ್ನು ಸೇವಿಸುವವರಿಗೆ ವಾಚಿನ ವಲಯಗಳು ಅನ್ವಯವಾಗುವುದಿಲ್ಲ. ವಲಯ ಸರಿಹೊಂದಲೆಂದು ಔಷಧ ಬಿಡುವ ಯೋಚನೆಯನ್ನಂತೂ ಮಾಡಲೇಬಾರದು.

ಹಾಗಾದರೆ ಅಂಥವರಿಗೆ ಅಳತೆಗೋಲು ಯಾವುದು? ನಮ್ಮ ಶಾಸ್ತ್ರದಲ್ಲಿ ಅರ್ಧಶಕ್ತಿ ಎಂಬ ಮಾತಿದೆ. ಬಲವುಳ್ಳವನೂ ಸ್ನಿಗ್ಧ ಆಹಾರ ಸೇವಿಸುವವನೂ ಆದವನು ಶೀತಕಾಲದಲ್ಲಿ ಮತ್ತು ವಸಂತದಲ್ಲಿ ತನ್ನ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ, ಎಂಬುದು ಅಷ್ಟಾಂಗ ಹೃದಯದ ಅಭಿಪ್ರಾಯ. ಅರ್ಧಶಕ್ತಿಯನ್ನು ಗುರುತಿಸುವ ಬಗೆಯನ್ನು ಸುಶ್ರುತನೂ ವ್ಯಾಖ್ಯಾನಕಾರರೂ ತಿಳಿಸಿದ್ದಾರೆ: ಉಸಿರು ಬಾಯಿಯಿಂದ ಬರತೊಡಗುವುದು, ಹಣೆ, ಮೂಗು, ಕಂಕುಳು, ಸಂದುಗಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು. ಆಧುನಿಕ ತರಬೇತುದಾರರು ಇದಕ್ಕೆ ಹತ್ತಿರವಾದ ಪರೀಕ್ಷೆಯನ್ನೇ ಹೇಳುತ್ತಾರೆ. ಓಡುತ್ತ ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾದರೆ ಶ್ರಮ ಮಿತದಲ್ಲಿದೆ. ಒಂದೊಂದು ಪದಕ್ಕೂ ಏದುಸಿರು ಬಂದರೆ ಮೀರಿದೆ. ಇದಕ್ಕೆ ಬ್ಯಾಟರಿ ಬೇಡ.

ವಾಚಿನ ಸಂಖ್ಯೆಗಳಲ್ಲಿ ವೈದ್ಯನಾಗಿ ನಾನು ನಿಜಕ್ಕೂ ಮೆಚ್ಚುವುದು ಒಂದನ್ನು, ವಿಶ್ರಾಂತಿಯ ನಾಡಿ. ಅದನ್ನು ತಿಂಗಳುಗಟ್ಟಲೆ ಗಮನಿಸಬೇಕು. ಎಂದಿನ 62ರಿಂದ ಒಂದೆರಡು ದಿನಗಳಲ್ಲಿ 72ಕ್ಕೆ ಏರಿ ಅಲ್ಲೇ ನಿಂತರೆ ಜ್ವರ ಬರುತ್ತಿರಬಹುದು, ನಿದ್ರೆ ಕೆಟ್ಟಿರಬಹುದು, ಓಟ ಅತಿಯಾಗಿರಬಹುದು. ಅತಿವ್ಯಾಯಾಮದಿಂದ ಆಯಾಸ, ಬಾಯಾರಿಕೆ, ಕೆಮ್ಮು, ಜ್ವರ, ವಾಂತಿಗಳುಂಟಾಗುತ್ತವೆಂದು ಚರಕನು ಎಚ್ಚರಿಸಿದ್ದಾನೆ. ಅಂತಹ ದಿನ ಓಟವನ್ನು ಬಿಟ್ಟು ವಿಶ್ರಮಿಸುವುದು ಲೇಸು. ನಿದ್ರೆಗೆ ವಾಚು ಕೊಡುವ ಅಂಕಗಳಿಗೆ ಮಾತ್ರ ಹೆಚ್ಚು ಬೆಲೆ ಕೊಡಬೇಡಿ. ಚೆನ್ನಾಗಿ ಮಲಗಿ ಎದ್ದವರು ಅಂಕ ಕಡಿಮೆಯೆಂದು ಕೊರಗುವುದನ್ನು ಕಂಡಿದ್ದೇನೆ.

ಎರಡನೆಯ ಅಪೇಕ್ಷೆಯನ್ನು ಕುರಿತು ಖಚಿತವಾಗಿ ಹೇಳಬೇಕಾದುದಿದೆ. ದುಬಾರಿ ವಾಚುಗಳಲ್ಲಿ ಇಸಿಜಿ ಇರುತ್ತದೆ. ಅದು ಒಂದೇ ಕೋನದಿಂದ ಹೃದಯವನ್ನು ನೋಡುತ್ತದೆ. ಲಯ ತಪ್ಪಿದ ಬಡಿತವನ್ನು ಗುರುತಿಸಬಲ್ಲದು. ಹೃದಯಾಘಾತವನ್ನು ಗುರುತಿಸಲಾರದೆಂದು ಆಪಲ್ ಕಂಪನಿಯೇ ತನ್ನ ವಾಚಿನ ವಿಷಯದಲ್ಲಿ ತಿಳಿಸುತ್ತದೆ. ಆಸ್ಪತ್ರೆಯಲ್ಲಿ 12 ಕೋನಗಳಿಂದ ತೆಗೆಯುವ ಇಸಿಜಿ ಬೇರೆಯೇ. ಎದೆಯಲ್ಲಿ ಹಿಂಡಿದಂತೆ, ಭಾರ ಹೇರಿದಂತೆ ನೋವು, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಏದುಸಿರು ಕಂಡೊಡನೆ ವಾಚು ಏನು ತೋರಿಸುತ್ತಿದೆಯೆಂದು ನೋಡುತ್ತ ನಿಲ್ಲಬೇಡಿ. ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕಾಲ ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಹೃದಯಾಘಾತವಾದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದಕ್ಕೆಂದೇ ಸರ್ಕಾರವು ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ತಂದಿದೆ. ಅದು ಎಷ್ಟು ಬೇಗ ದೊರೆತರೆ ಅಷ್ಟು ಹೃದಯ ಉಳಿಯುತ್ತದೆ.

ಆದುದರಿಂದ 40 ದಾಟಿದವರು, ಮಧುಮೇಹ ಅಥವಾ ರಕ್ತದೊತ್ತಡವುಳ್ಳವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದ್ರೋಗ ಬಂದವರಿರುವವರು ವಾಚಿಗೆ ಮುಂಚೆ ವೈದ್ಯರನ್ನು ಕಂಡು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ ಪರೀಕ್ಷೆಗಳನ್ನು ಮಾಡಿಸಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಓಡುವಾಗ ಜೇಬಿನಲ್ಲಿ ಬೆಲ್ಲದ ಚೂರನ್ನೋ ಸಕ್ಕರೆಯನ್ನೋ ಇಟ್ಟುಕೊಳ್ಳಲಿ.

ಇದಾದ ಮೇಲೆ ಗಾರ್ಮಿನ್, ಕೋರೋಸ್, ಪೋಲಾರ್, ಅಮೇಜ್‌ಫಿಟ್ ಯಾವುದಾದರೂ ಆಗಬಹುದು. ವಾರದಲ್ಲಿ ಮೂರು ನಾಲ್ಕು ದಿನ ಐದಾರು ಕಿಲೋಮೀಟರ್ ಓಡುವವರಿಗೆ ಆಯಾ ಕಂಪನಿಯ ಆರಂಭದ ಮಟ್ಟದ, ಒಳಗೇ ಜಿಪಿಎಸ್ ಇರುವ ಮಾದರಿ ಸಾಕು. ಬ್ಯಾಟರಿಯ ಲೆಕ್ಕವನ್ನು ದಿನಗಳಲ್ಲಿ ಕೇಳದೆ, ಜಿಪಿಎಸ್ ಹಾಕಿದಾಗ ಎಷ್ಟು ಗಂಟೆ ಬರುತ್ತದೆಂದು ಕೇಳಬೇಕು. ಬಿಸಿಲಿನಲ್ಲಿ ಅಂಕಿಗಳು ಕನ್ನಡಕವಿಲ್ಲದೆಯೂ ಕಾಣಬೇಕು. ನಮ್ಮ ವಯಸ್ಸಿನವರಿಗೆ ಇದೇ ದೊಡ್ಡ ಪರೀಕ್ಷೆ. ಮಳೆಗಾಲಕ್ಕೆ 5 ಎಟಿಎಂ ಎಂಬ ಜಲನಿರೋಧಕ ಗುರುತಿರಲಿ.

ಕೊಂಡ ಮರುದಿನವೇ ಪರೀಕ್ಷಿಸಿ ನೋಡಬಹುದು. ವಾಚು ಉಪಗ್ರಹಗಳನ್ನು ಹಿಡಿಯುವವರೆಗೆ ಬಯಲಿನಲ್ಲಿ ಒಂದೆರಡು ನಿಮಿಷ ನಿಂತು, ವಾಹನ ಸಂಚಾರ ಕಡಿಮೆಯಿರುವ ರಸ್ತೆಯಲ್ಲಿ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ನಡೆದು ಹೋಗಿ ಬನ್ನಿ. ಹೋಗುವಾಗಲೂ ಬರುವಾಗಲೂ ಹತ್ತಿರ ಹತ್ತಿರ ಒಂದೇ ಅಳತೆ ಬಂದರೆ ವಾಚು ಸರಿಯಿದೆ. ಓಟ ಮುಗಿದ ಮೇಲೆ ಪಟ್ಟಿಯನ್ನು ಬಿಚ್ಚಿ ತೊಳೆದು, ಮಣಿಕಟ್ಟನ್ನು ಒರೆಸಿ ಒಣಗಿಸಬೇಕು. ಬೆವರು ನಿಂತರೆ ಚರ್ಮ ಕೆಂಪಾಗಿ ತುರಿಸುತ್ತದೆ. ಹಾಗಾದರೆ ಗುಣವಾಗುವವರೆಗೆ ಇನ್ನೊಂದು ಕೈಗೆ ಕಟ್ಟಿಕೊಳ್ಳಿ.