ಜೀವವುಳಿಸುವ ಕೈ ಕಲಿಯುವ ಬಗೆ

ಹೃದಯವು ಬಡಿತವನ್ನು ನಿಲ್ಲಿಸಿತೆಂದರೆ ಮಿದುಳಿಗೆ ರಕ್ತವು ದೊರೆಯದು. ನಾಲ್ಕೈದು ನಿಮಿಷಗಳಲ್ಲಿಯೇ ಅಲ್ಲಿನ ಜೀವಕೋಶಗಳು ಹಾನಿಗೊಳ್ಳತೊಡಗುತ್ತವೆ. ಬೀದರ ನಗರದಲ್ಲಿ ವೈದ್ಯಕೀಯ ಕಾಲೇಜೂ ಅದರ ದೊಡ್ಡ ಆಸ್ಪತ್ರೆಯೂ ಇವೆ. ಆದರೆ ಭಾಲ್ಕಿಯಾಗಲಿ ಔರಾದವಾಗಲಿ ಅಲ್ಲಿಂದ ಸುಮಾರು 40 ಕಿಲೋಮೀಟರು ದೂರ. ಕರ್ನಾಟಕದಲ್ಲಿ 2008ರಿಂದ 108 ಆಂಬ್ಯುಲೆನ್ಸುಗಳು ಓಡಾಡುತ್ತಿರುವುದು ನಿಜ. ಆದರೂ ಯಾವ ವಾಹನವೂ ಈ ದಾರಿಯನ್ನು ಐದು ನಿಮಿಷಗಳಲ್ಲಿ ಕ್ರಮಿಸಲಾರದು. ಆದುದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಕ್ಷಣದಲ್ಲಿ ರೋಗಿಯ ಬಳಿಯಿರುವ ದಾದಿಯ ಅಥವಾ ವೈದ್ಯರ ಕೈಯೇ ಜೀವಕ್ಕೆ ಆಧಾರ.

ಎದೆಯನ್ನು ಕೊಯ್ಯದೆ ಹೊರಗಿನಿಂದಲೇ ಒತ್ತಿ ರಕ್ತವನ್ನು ಹರಿಯಿಸಬಹುದೆಂದು ಅಮೆರಿಕದ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು 1960ರಲ್ಲಿ ಪ್ರಕಟಿಸಿದರು. ವಯಸ್ಕರ ಎದೆಯನ್ನು 5ರಿಂದ 6 ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿಯೊಂದು ಸಲವೂ ಎದೆಯು ಪೂರ್ತಿಯಾಗಿ ಮೇಲೇಳಲು ಬಿಡಬೇಕು; ಹೃದಯವು ಮತ್ತೆ ರಕ್ತದಿಂದ ತುಂಬಿಕೊಳ್ಳುವುದು ಆಗಲೇ.

ಓದುವುದಕ್ಕೆ ಇದು ಸುಲಭ. ಆದರೆ ಬೀದರದ ಬಿದರಿ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆಯುವುದನ್ನು ಉಪನ್ಯಾಸ ಕೇಳಿ ಕಲಿತವರುಂಟೆ? ಶಿಷ್ಯನು ಕೊರೆಯಬೇಕು, ಗುರುವು ತಿದ್ದಬೇಕು, ಶಿಷ್ಯನು ಮತ್ತೆ ಕೊರೆಯಬೇಕು. ಬರಿಯ ಪುನರಾವೃತ್ತಿ ಸಾಲದು, ತಪ್ಪನ್ನು ಆಗಿಂದಾಗ ತೋರಿಸಿ ತಿದ್ದುವ ಅಭ್ಯಾಸವೇ ನೈಪುಣ್ಯವನ್ನು ಬೆಳೆಸುತ್ತದೆ ಎಂಬುದು ಮನೋವಿಜ್ಞಾನಿ ಎರಿಕ್‌ಸನ್ನರು 1993ರಲ್ಲಿ ಮಂಡಿಸಿದ ವಾದದ ತಿರುಳು. ತರಬೇತಿನ ಬೊಂಬೆಗಳಲ್ಲಿ ಒತ್ತಿನ ಆಳವನ್ನೂ ವೇಗವನ್ನೂ ಅಳೆದು ತೋರಿಸುವ ಉಪಕರಣವನ್ನು ಅಳವಡಿಸುವುದು ಇದಕ್ಕಾಗಿಯೇ.

ಆದರೆ ಇಲ್ಲೊಂದು ಭೇದವುಂಟು. ಬಿದರಿ ಕುಶಲಿಯು ದಿನವೂ ಉಳಿ ಹಿಡಿಯುತ್ತಾನೆ. ಸಣ್ಣ ಆಸ್ಪತ್ರೆಯ ದಾದಿಗಾದರೋ ಹೃದಯಸ್ತಂಭನವು ಅಪರೂಪದ ಪ್ರಸಂಗ. ಕಲಿತುದು ಮೊದಮೊದಲು ಬೇಗನೆಯೂ ಅನಂತರ ನಿಧಾನವಾಗಿಯೂ ಮರೆತುಹೋಗುತ್ತದೆಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆಯೇ ಪ್ರಯೋಗ ನಡೆಸಿ ತೋರಿಸಿದ್ದನು. ಎದೆಯೊತ್ತುವ ನೈಪುಣ್ಯವೂ ತರಬೇತಾದ ಮೂರರಿಂದ ಆರು ತಿಂಗಳೊಳಗೆ ಕುಂದತೊಡಗುತ್ತದೆ. ಎರಡು ವರ್ಷಗಳಿಗೊಮ್ಮೆ ನಡೆಯುವ ದೀರ್ಘ ಶಿಬಿರಕ್ಕಿಂತ, ಕೆಲವು ತಿಂಗಳಿಗೊಮ್ಮೆ ಸ್ವಲ್ಪ ಹೊತ್ತು ಮಾಡುವ ಅಭ್ಯಾಸವು ಕೈಯನ್ನು ಚೆನ್ನಾಗಿ ಕಾಯ್ದಿಡುತ್ತದೆ.

ಅಭ್ಯಾಸದ ಸ್ಥಳವೂ ಮುಖ್ಯ. ತರಗತಿಯ ನೆಲದ ಮೇಲಿನ ಬೊಂಬೆ ಬೇರೆ, ವಾರ್ಡಿನ ಮಂಚ ಬೇರೆ. ಮೆತ್ತನೆಯ ಹಾಸಿಗೆಯು ಒತ್ತಿನ ಒಂದು ಪಾಲನ್ನು ತಾನೇ ನುಂಗುತ್ತದೆ. ಎತ್ತರದ ಮಂಚದ ಪಕ್ಕದಲ್ಲಿ ನಿಂತವರಿಗೆ ಕಾಲುಮಣೆ ಬೇಕಾಗುತ್ತದೆ. ಇವೆಲ್ಲ ಗೊತ್ತಾಗುವುದು ತಮ್ಮದೇ ವಾರ್ಡಿನಲ್ಲಿ, ತಮ್ಮದೇ ಜೊತೆಗಾರರೊಡನೆ ಮಾಡಿ ನೋಡಿದಾಗ. ಮುಗಿದ ಮೇಲೆ ಎಲ್ಲರೂ ಕುಳಿತು, ಯಾರನ್ನೂ ದೂಷಿಸದೆ, ಏನಾಯಿತು, ಏಕಾಯಿತು, ಮುಂದೇನು ಎಂದು ವಿಚಾರಿಸಿದರೆ ಅನುಭವವು ಜ್ಞಾನವಾಗುತ್ತದೆ.

ಇದಕ್ಕೆ ಬೇಕಾದುದು ಒಂದು ಬೊಂಬೆ, ತಿದ್ದುವವರೊಬ್ಬರು, ತಪ್ಪದ ಸರದಿ, ಮಹಾ ವೆಚ್ಚವೇನಲ್ಲ. ಭಾಲ್ಕಿಯಲ್ಲಾಗಲಿ ಔರಾದದಲ್ಲಾಗಲಿ ರೋಗಿಯ ಹೃದಯವು ನಿಂತಾಗ ಕೆಲಸಕ್ಕೆ ಬರುವುದು ಗೋಡೆಗೆ ತೂಗುಹಾಕಿದ ಪ್ರಮಾಣಪತ್ರವಲ್ಲ, ಇತ್ತೀಚೆಗೆ ಪಳಗಿದ ಕೈ.