ವಂಶವೃಕ್ಷದಲ್ಲಿ ಮಗಳ ಹೆಸರೆಲ್ಲಿ?

ಇಂಗ್ಲೆಂಡಿನಲ್ಲಿ ಉಯಿಲು ಬರೆಯದೆ, ನಮ್ಮವರೆಂದು ಹೇಳಿಕೊಳ್ಳುವವರೂ ಇಲ್ಲದೆ ತೀರಿಕೊಂಡವರ ಹೆಸರು ಸರ್ಕಾರದ ಒಂದು ಪಟ್ಟಿಗೆ ಸೇರುತ್ತದೆ. ಖಾಸಗಿ ಸಂಸ್ಥೆಗಳು ಆ ಪಟ್ಟಿ ಹಿಡಿದು ವಾರಸುದಾರರನ್ನು ಹುಡುಕುತ್ತ ಬಂದಿವೆ. ಸಿಕ್ಕವರಿಗೆ ಬರುವ ಆಸ್ತಿಯಲ್ಲಿ ಇಂತಿಷ್ಟು ಪಾಲು ಅವುಗಳ ಸಂಭಾವನೆ. ಈ ಹುಡುಕಾಟವನ್ನೇ ಕಥೆಯಾಗಿಸಿ ಬಿಬಿಸಿ 2007ರಲ್ಲಿ ‘ಏರ್ ಹಂಟರ್ಸ್’ ಸರಣಿಯನ್ನು ಆರಂಭಿಸಿತು. ನೋಡುವವರಿಗೆ ಹುಡುಕಾಟದ ಕುತೂಹಲ ಒಂದು ಕಡೆ, ಮನಸ್ಸಿನ ಕಸಿವಿಸಿ ಇನ್ನೊಂದು ಕಡೆ. ಬದುಕಿದ್ದಾಗ ಬಾಗಿಲು ತಟ್ಟದವರಿಗೆ ಸತ್ತ ಮೇಲೆ ಆಸ್ತಿ ಸಿಗುವುದು ಸರಿಯೇ? ರಕ್ತಸಂಬಂಧ ಪತ್ತೆ ಮಾಡಿಕೊಟ್ಟದ್ದಕ್ಕೆ ಕಮಿಷನ್ ಪಡೆಯಬಹುದೇ?

ಅಲ್ಲಿನ ಹುಡುಕಾಟ ಸಲೀಸಾಗಲು ದಾಖಲೆಗಳೇ ಕಾರಣ. ಇಂಗ್ಲೆಂಡಿನಲ್ಲಿ 1837ರಿಂದ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ನಡೆದಿದೆ. ಮದುವೆಯಾಗಿ ಹೋದ ಮಗಳ ಜಾಡು ಹಿಡಿಯಲು ಮದುವೆ ರಿಜಿಸ್ಟರ್ ಸಾಕು. ನಮ್ಮಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ.

ಹಾಗಾದರೆ ಅದಕ್ಕೂ ಮುಂಚೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಯಾರು ಯಾರ ಮಗ, ಯಾರಿಗೆ ಯಾರು ದಾಯಾದಿ ಎಂದು ಹೇಳುವವರು ಯಾರಿದ್ದರು? ಇದ್ದರು. ಅವರೇ ಹೆಳವರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥ ಅವರನ್ನು ಬಳ್ಳಾರಿ, ಮೈಸೂರು ಮುಂತಾದ ಕಡೆ ಹಳ್ಳಿಗಳ ಚರಿತ್ರೆಯನ್ನು ಕಾಪಾಡುವವರೆಂದು ಗುರುತಿಸುತ್ತದೆ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಊರಿಗೆ ಬರುತ್ತಿದ್ದರು. ಮನೆಮನೆಗೂ ಹೋಗಿ ಆ ಮನೆತನದ ಹಿರಿಯರ ಹೆಸರು, ಯುದ್ಧದಲ್ಲಿ ಮಡಿದ ವೀರರ ಹೆಸರು ಹೇಳುತ್ತಿದ್ದರು. ಮೂಲ ಯಾವ ಊರು, ಯಾವ ಬರಗಾಲಕ್ಕೆ ಎಲ್ಲಿಗೆ ಗುಳೆ ಬಂದರು, ಅಣ್ಣನ ಕವಲು ಎಲ್ಲಿದೆ, ತಮ್ಮನ ಕವಲು ಎಲ್ಲಿದೆ ಎಂಬುದೆಲ್ಲ ಅವರ ಬಾಯಲ್ಲಿ, ಕಟ್ಟಿಟ್ಟ ಹೊತ್ತಿಗೆಯಲ್ಲಿ ಇರುತ್ತಿತ್ತು. ಸುಗ್ಗಿಯಾದ ಮೇಲೆ ಕಾಳುಕಡಿ ಅಳೆದುಕೊಟ್ಟು ಮನೆಯವರು ಅವರನ್ನು ಕಳಿಸುತ್ತಿದ್ದರು. ತೆಲುಗು ಮನೆತನಗಳಿಗೆ ಇದೇ ಕೆಲಸ ಮಾಡುವವರು ಪಿಚ್ಚಿಗುಂಟಲವರು.

ಹೆಳವರನ್ನು ನೋಡಿದಾಗ ನೆನಪಾಗುವವರು ಆಫ್ರಿಕಾದಲ್ಲಿ ವಂಶದ ಕಥೆ ಹೇಳುವ ಗ್ರಿಯೋಗಳು. ಅಮೆರಿಕದ ಲೇಖಕ ಅಲೆಕ್ಸ್ ಹೇಲಿ ತಮ್ಮ ಮೂಲಪುರುಷನ ಹೆಸರು ಗ್ಯಾಂಬಿಯಾದ ಜುಫುರೆ ಹಳ್ಳಿಯಲ್ಲಿ ಇಂಥ ಒಬ್ಬರ ಬಾಯಿಂದ ಸಿಕ್ಕಿತೆಂದು ‘ರೂಟ್ಸ್’ ಪುಸ್ತಕದಲ್ಲಿ ಬರೆದರು. ಅದರ ಟಿವಿ ಸರಣಿ 1977ರ ಜನವರಿಯಲ್ಲಿ ಪ್ರಸಾರವಾದ ಮೇಲೆ ಅಮೆರಿಕದ ಸಾಮಾನ್ಯ ಜನರೂ ತಮ್ಮ ಬೇರು ಹುಡುಕಲು ದಫ್ತರಖಾನೆಗಳಿಗೆ ಹೋದರು. ಆಮೇಲೆ ಇತಿಹಾಸಕಾರರು ಹೇಲಿಯವರ ಪುಸ್ತಕದ ಜುಫುರೆ ಭಾಗವನ್ನು ಪ್ರಶ್ನಿಸಿದರು. ಬಾಯಿಮಾತಿನ ವಂಶಾವಳಿ ಅಮೂಲ್ಯವಾದರೂ ಅದನ್ನು ಬೇರೆ ಆಧಾರದೊಂದಿಗೆ ತಾಳೆ ನೋಡಲೇಬೇಕು.

ಹೆಳವರ ವಂಶಾವಳಿಯಲ್ಲಿ ಇನ್ನೊಂದು ಕೊರತೆಯಿದೆ. ಅದು ಅವರ ತಪ್ಪಲ್ಲ, ಕೇಳುವವರ ಮನಸ್ಸಿನದು. ಹೊತ್ತಿಗೆ ಹೆಚ್ಚಾಗಿ ಗಂಡು ಸಂತತಿಯ ಹಾದಿಯಲ್ಲೇ ಸಾಗುತ್ತದೆ. ಅಪ್ಪ, ಮಗ, ಮೊಮ್ಮಗ. ಬಳ್ಳಾರಿ ಬಳಿಯ ಕುರುಗೋಡಿನಲ್ಲಿ ಆಳಿದ ಸಿಂದರ ಶಾಸನಗಳಲ್ಲೂ ರಾಚಮಲ್ಲನಂಥ ಅರಸರ ಸಾಲು ಹೀಗೆಯೇ ಸಾಗುತ್ತದೆ. ಹೆಣ್ಣುಮಗಳ ಕವಲು ಮದುವೆಯೊಂದಿಗೆ ನಿಂತುಹೋಗುತ್ತದೆ.

ಗಂಡು ವಾರಸುದಾರನೇ ಬೇಕೆಂಬ ಹಂಬಲ ಬಳ್ಳಾರಿ ಜಿಲ್ಲೆಯಲ್ಲಿ ಎಲ್ಲಿಗೆ ಒಯ್ದಿತೆಂಬುದಕ್ಕೆ ಬಸವಿ ಪದ್ಧತಿ ಸಾಕ್ಷಿ. ಡಬ್ಲ್ಯು. ಫ್ರಾನ್ಸಿಸ್ ಬರೆದ, 1904ರ ಬಳ್ಳಾರಿ ಗೆಜೆಟಿಯರ್ ಅದನ್ನು ದಾಖಲಿಸಿದೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ದೇವರ ಹೆಸರಿಗೆ ಬಸವಿ ಬಿಡುತ್ತಿದ್ದರು. ಆಕೆ ಮದುವೆಯಾಗದೆ ತವರಲ್ಲೇ ಉಳಿದು ಮಗನ ಸ್ಥಾನ ಪಡೆಯುತ್ತಿದ್ದಳು, ಆಕೆಯ ಮಕ್ಕಳು ತಾತನ ಮನೆತನ ಮುಂದುವರಿಸುತ್ತಿದ್ದರು. ಆಸ್ತಿಯಲ್ಲಿ ಪಾಲು ಪಡೆಯಲು ಹೆಣ್ಣೊಬ್ಬಳು ತೆರಬೇಕಾಗಿದ್ದ ಬೆಲೆ ಅದು. ಕರ್ನಾಟಕ 1982ರ ಕಾಯ್ದೆಯ ಮೂಲಕ ದೇವರಿಗೆ ಬಿಡುವುದನ್ನು ನಿಷೇಧಿಸಿತು. ಆದರೆ ಬಸವಿಯರಿಗೆ ಹುಟ್ಟಿದ ಮಕ್ಕಳು ಅಪ್ಪನ ಹೆಸರಿನ ಖಾಲಿ ಜಾಗ ಇಟ್ಟುಕೊಂಡು ಕಚೇರಿಗಳ ಮೆಟ್ಟಿಲು ಹತ್ತಬೇಕಾಯಿತು. ಮಗಳನ್ನು ಮಗಳಾಗಿಯೇ ವಾರಸುದಾರಳೆಂದು ಒಪ್ಪಿದ್ದರೆ ಇಷ್ಟೆಲ್ಲ ಸಂಕಟ ಬೇಕಿರಲಿಲ್ಲ.

ಈಗ ಕಾನೂನು ಒಪ್ಪಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಉಯಿಲಿಲ್ಲದೆ ತೀರಿಕೊಂಡವನ ಸ್ವಂತ ಆಸ್ತಿಗೆ ಮಗ, ಮಗಳು, ಹೆಂಡತಿ, ತಾಯಿ ಎಲ್ಲರೂ ಮೊದಲ ವರ್ಗದ ವಾರಸುದಾರರು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕನ್ನು ಕರ್ನಾಟಕ 1994ರ ತಿದ್ದುಪಡಿಯಲ್ಲಿ ಮಗಳಿಗೂ ಕೊಟ್ಟಿತಾದರೂ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ದಿನ ಅಪ್ಪ ಬದುಕಿರಬೇಕೇ ಎಂಬ ಪ್ರಶ್ನೆ ಉಳಿಯಿತು. ಕರ್ನಾಟಕದಿಂದಲೇ ಹೋದ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಬದುಕಿರಬೇಕೆಂದಿತು. ಇಲ್ಲಿಂದಲೇ ಹೋದ ದಾನಮ್ಮ ಪ್ರಕರಣದಲ್ಲಿ 2018ರಲ್ಲಿ, ಅಪ್ಪ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದ ತೀರ್ಪು ಗೊಂದಲ ನಿವಾರಿಸಿತು. ಅಪ್ಪ ಬದುಕಿರಲಿ ಬಿಡಲಿ, ಮಗಳಿಗೆ ಹುಟ್ಟಿನಿಂದಲೇ ಹಕ್ಕು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆದ ಪಾಲುಪಟ್ಟಿಗಳನ್ನು ಮಾತ್ರ ಮುಟ್ಟುವಂತಿಲ್ಲ. ಮುಸ್ಲಿಂ ಮನೆಗಳಲ್ಲಿ ಲೆಕ್ಕ ಬೇರೆ: ಮಗನ ಪಾಲಿನ ಅರ್ಧ ಮಗಳಿಗೆ. ಆದರೂ ಪಾಲು ಇದ್ದೇ ಇದೆ.

ಕಾನೂನಿನಲ್ಲಿರುವ ಹೆಸರು ಕಾಗದಕ್ಕೆ ಬರಬೇಕಲ್ಲ. ಜಮೀನಿನ ಒಡೆಯ ತೀರಿಕೊಂಡ ಮೇಲೆ ಪಹಣಿಯಲ್ಲಿ ವಾರಸುದಾರರ ಹೆಸರು ಸೇರಿಸುವುದೇ ಪೌತಿ ಖಾತೆ. ಅದಕ್ಕೆ ವಂಶವೃಕ್ಷ ಬೇಕು. ಮರಣ ಪತ್ರ, ಆಧಾರ್, ರೇಷನ್ ಕಾರ್ಡ್, ನೋಟರಿ ಅಫಿಡವಿಟ್ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಗ್ರಾಮ ಆಡಳಿತಾಧಿಕಾರಿ ಊರಿಗೆ ಬಂದು ವಿಚಾರಿಸಿ, ನೆರೆಹೊರೆಯವರಿಂದ ಹೇಳಿಕೆ ಪಡೆಯುತ್ತಾರೆ. ಹಿಂದೆ ಇದೇ ತಿಳಿವಳಿಕೆ ವಂಶಪಾರಂಪರ್ಯವಾಗಿ ಬಂದ ಕರಣಂ, ಶಾನುಭೋಗರ ತಲೆಯಲ್ಲಿತ್ತು. 1963ರಲ್ಲಿ ಆ ಹುದ್ದೆಗಳು ರದ್ದಾದವು. ಈಗ ವಂಶವೃಕ್ಷದ ಮೊದಲ ಕರಡು ಬರೆಯುವವರು ಮನೆಯವರೇ. ಅಕ್ಕತಂಗಿಯರ ಹೆಸರು ಬಿಟ್ಟುಹೋಗುವುದೂ ಅಲ್ಲೇ.

ಬಳ್ಳಾರಿ ಜಿಲ್ಲೆಯ ಭೂಗೋಳವೂ ಹೀಗೆ ಹೆಸರು ಬಿಟ್ಟುಹೋಗಲು ಒತ್ತಾಸೆಯಾಗಿದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ಅಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಬಂದವು. ಬೀಗತನಕ್ಕೆ ಗಡಿಯಿಲ್ಲ. ಸಿರುಗುಪ್ಪದ ಮಗಳು ಆದೋನಿಯ ಸೊಸೆ, ಬಳ್ಳಾರಿಯ ಮಗಳು ರಾಯದುರ್ಗದ ಸೊಸೆ. ಆಕೆಯ ಆಧಾರ್ ಆಂಧ್ರದ್ದು, ರೇಷನ್ ಕಾರ್ಡ್ ಆಂಧ್ರದ್ದು. ತವರಿನ ಕಾಗದಪತ್ರದಲ್ಲಿ ಆಕೆ ಕಾಣುವುದೇ ಇಲ್ಲ. ಇತ್ತ ತುಂಗಭದ್ರಾ ಕಾಲುವೆ ಬಂದ ಮೇಲೆ ಸಿರುಗುಪ್ಪದ ಹೊಲಗಳು ಭತ್ತದ ಗದ್ದೆಗಳಾಗಿ ಬೆಲೆ ಏರಿದೆ. ಅಣ್ಣತಮ್ಮಂದಿರಷ್ಟೇ ಸೇರಿ ಮಾರಿದರೆ ತಂಗಿಯ ಪಾಲು ಕೊಂಡವನಿಗೆ ಹೋಗುವುದಿಲ್ಲ. ವರ್ಷಗಳ ಮೇಲೆ ಆಕೆಯ ಮಕ್ಕಳು ದಾವೆ ಹೂಡಿದಾಗ ಕಷ್ಟ ಎಲ್ಲರಿಗೂ.

ಬಿಬಿಸಿ ಸರಣಿಯಲ್ಲಿರುವಂತೆ ಸುಳಿವಿಲ್ಲದ ವಾರಸುದಾರರನ್ನು ಹುಡುಕುವ ಪ್ರಸಂಗ ನಮ್ಮಲ್ಲಿ ಬ್ಯಾಂಕಿನ ಹಣಕ್ಕೆ ಹೆಚ್ಚು ಹೊಂದುತ್ತದೆ. ಹತ್ತು ವರ್ಷ ಯಾರೂ ಕೇಳದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತವೆ. 2024ರ ಮಾರ್ಚ್ ಅಂತ್ಯಕ್ಕೆ ಅಲ್ಲಿ 78,213 ಕೋಟಿ ರೂಪಾಯಿ ಇತ್ತು. ತೀರಿಹೋದ ಹಿರಿಯರ ಹೆಸರು ಹಾಕಿ ಹುಡುಕಲು 2023ರ ಆಗಸ್ಟಿನಲ್ಲಿ ‘ಉದ್ಗಮ್’ ಪೋರ್ಟಲ್ ಬಂದಿದೆ. ಅದರಲ್ಲಿ ಮಗಳೂ ಹುಡುಕಬಹುದು, ಕಮಿಷನ್ ಕೊಡಬೇಕಿಲ್ಲ.

ಪೌತಿ ಖಾತೆಯಲ್ಲಿ ಹೆಸರು ಬಿಟ್ಟುಹೋದ ಹೆಣ್ಣುಮಗಳಿಗೂ ದಾರಿಯಿದೆ. ಖಾತೆ ಬದಲಿಸುವ ಮುನ್ನ ಅಂಟಿಸುವ ನೋಟಿಸಿನ ಅವಧಿಯಲ್ಲೇ ಕಂದಾಯ ಕಚೇರಿಗೆ ಲಿಖಿತ ತಕರಾರು ಕೊಡಬಹುದು. ಖಾತೆ ಆಗಿಹೋಗಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಪಹಣಿ ಹಕ್ಕಿನ ದಾಖಲೆಯೇ ಹೊರತು ಹಕ್ಕನ್ನು ಹುಟ್ಟಿಸುವ ಕಾಗದವಲ್ಲ. ಆದ್ದರಿಂದ ಅದರಲ್ಲಿ ಹೆಸರಿಲ್ಲದಿದ್ದರೂ ಪಾಲಿಗಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಅವಕಾಶ ಆಕೆಗೆ ಇದ್ದೇ ಇರುತ್ತದೆ.